ಏಳು ತಂದೆಯರ ಕಂಪ್ಯೂಟರ್

ವಂಶಾವಳಿ ಕಾಯುವ ಅಜ್ಜ ಸಾದಿರ್ಕುಲ್ ಆತಾ ತಮ್ಮ ಕಂಪ್ಯೂಟರನ್ನು ಎರಡು ರಜಾಯಿಗಳಲ್ಲಿ ಸುತ್ತಿ, ಮೇಲೆ ಕುದುರೆ ಕಟ್ಟುವ ಹಗ್ಗ ಬಿಗಿದು, ಎದೆಗವಚಿಕೊಂಡೇ ವ್ಯಾನಿನಿಂದ ಇಳಿದರು. ನಾರಿನ್ ಪೇಟೆಯಲ್ಲಿ ಆಗ ಬೆಳಗಿನ ಹತ್ತು ಗಂಟೆ, ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಎಪ್ಪತ್ತೆಂಟರ ಮುದುಕ ಜಾರುವ ಹಿಮದ ಮೇಲೆ ಅಷ್ಟು ಭಾರ ಹೊತ್ತು ಬರುವುದನ್ನು ಕಂಡು ಅಂಗಡಿಯವರೆಲ್ಲ ಕೈಕೊಡಲು ಓಡಿಬಂದರು. ಆತಾ ಯಾರಿಗೂ ಕೊಡಲಿಲ್ಲ. ನೇರ ಬಂದು ಬುರುಲ್‌ಳ ಅಂಗಡಿಯ ಮೇಜಿನ ಮೇಲೆ ಇಳಿಸಿದ ಮೇಲೇ ಅವರು ಉಸಿರು ಬಿಟ್ಟಿದ್ದು.

"ಆನ್ ಮಾಡ್ಬೇಡಿ ಆತಾ! ಮುಟ್ಲೇಬೇಡಿ!" ಎಂದಳು ಬುರುಲ್.

"ಗೊತ್ತು ಕಣೆ ಸೊಸೆ. ಎರಡು ಗಂಟೆ ಬೆಚ್ಚಗಾಗ್ಬೇಕು. ನಾನೇನು ನಿನ್ನೆ ಹುಟ್ಟಿದವನಾ?" ತಮ್ಮ ವಂಶಕ್ಕೆ ಮದುವೆಯಾಗಿ ಬಂದ ಹೆಂಗಸರೆಲ್ಲ ಆತಾಗೆ ಸೊಸೆಯರೇ.

ನಾರಿನ್‌ನಲ್ಲಿ ಚಳಿಗಾಲದ ಮೊದಲ ನಿಯಮವೇ ಅದು. ಹೊರಗಿನಿಂದ ಬಂದ ಯಂತ್ರದೊಳಗೆ ಒಲೆಯ ಬಿಸಿಗೆ ನೀರು ಬೆವರುತ್ತದೆ. ಆ ನೀರು ಆರುವವರೆಗೆ ಚಹಾ ಕುಡಿಯುತ್ತ ಕೂರಬೇಕು. ಆತುರಪಟ್ಟು ಗುಂಡಿ ಒತ್ತಿದವರ ಯಂತ್ರಗಳ ಮೂಳೆಗಳು ಬುರುಲ್‌ಳ ಅಂಗಡಿಯ ಹಿಂದೆ ರಾಶಿ ಬಿದ್ದಿವೆ.

ಅಂಗಡಿ ಅಂದರೆ ಒಂದು ನೀಲಿ ಕಬ್ಬಿಣದ ಕಂಟೇನರ್. ಪಕ್ಕದ್ದು ತೆಮಿರ್ಕಾನ್‌ದು, ಅವನದೂ ಕಂಪ್ಯೂಟರ್ ರಿಪೇರಿಯೇ. ನಡುವೆ ಒಂದು ತಗಡಿನ ಗೋಡೆ. ಇಲ್ಲಿ ಕೆಮ್ಮಿದರೆ ಅಲ್ಲಿ ಕೇಳುತ್ತದೆ. ತೆಮಿರ್ಕಾನ್‌ನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮದ್ದು: ಅಳಿಸು, ಹೊಸದಾಗಿ ಹಾಕು. ನಲವತ್ತು ನಿಮಿಷದ ಕೆಲಸ. ಪೇಟೆಯ ಉಳಿದ ರಿಪೇರಿಯವರದೂ ಅದೇ ದಾರಿ. ಬುರುಲ್‌ಗೆ ಮಾತ್ರ ಬೇರೆ ರೋಗ. ಏನು ಕೆಟ್ಟಿದೆ, ಯಾಕೆ ಕೆಟ್ಟಿತು ಅಂತ ತಿಳಿಯದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಇದೇ ಕುತೂಹಲದಿಂದ ಅವಳು ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದಾಳೆ. ಆದರೂ ಬುದ್ಧಿ ಬಂದಿಲ್ಲ.

ಇವತ್ತಿನ ಯಂತ್ರ ಮಾತ್ರ ಯಾವ ಗಿರಾಕಿಯದೂ ಅಲ್ಲ, ಅವಳದೇ ಮನೆಯ ಭವಿಷ್ಯ. ಬುರುಲ್‌ಳ ಮಗಳು ಜಿಬೆಕ್‌ಗೂ ತೆಮಿರ್ಕಾನ್‌ನ ಮಗ ಎಲ್ದಿಯಾರ್‌ಗೂ ಎರಡು ವರ್ಷದ ಪ್ರೀತಿ. ಶನಿವಾರ ತೆಮಿರ್ಕಾನ್‌ನ ಹೆಂಡತಿ ಬಂದು ಜಿಬೆಕ್‌ಳ ಕಿವಿಗೆ ಓಲೆ ತೊಡಿಸಬೇಕು. ಓಲೆ ಏರಿತು ಅಂದರೆ ಮದುವೆಯ ಮಾತು ಗಟ್ಟಿಯಾಯಿತು. ಆದರೆ ಓಲೆಗೆ ಮುಂಚೆ ಹಿರಿಯರ ಆಶೀರ್ವಾದ ಬೇಕು, ಹರಸಬೇಕಾದ ಸಾದಿರ್ಕುಲ್ ಆತಾ ಏಳು ತಂದೆಯರನ್ನು ಎಣಿಸದೆ ಬಾಯಿ ತೆರೆಯುವವರಲ್ಲ. ಹುಡುಗನ ಕಡೆಯ ಏಳು, ಹುಡುಗಿಯ ಕಡೆಯ ಏಳು. ಅದರೊಳಗೆ ಒಂದೇ ಹೆಸರು ಎರಡೂ ಕಡೆ ಬಂದರೆ ಅವರು ಅಣ್ಣ ತಂಗಿ, ಮದುವೆ ಅಲ್ಲಿಗೇ ಮುಗಿಯಿತು.

ಬುರುಲ್‌ಳ ಗಂಡ ಕಲ್ಮಾತ್ ತನ್ನಿಂದ ಹಿಡಿದು ಆರು ಹೆಸರು ಹೇಳಿದ್ದ. ತೆಮಿರ್ಕಾನ್ ಐದಕ್ಕೇ ನಿಂತಿದ್ದ. ಉಳಿದವು ಈ ಯಂತ್ರದೊಳಗಿದ್ದವು.

"ಮುಂಚೆ ಕೈಬರಹದ ಪುಸ್ತಕ ಇತ್ತಲ್ಲ ಆತಾ?" ಬುರುಲ್ ಚಹಾಕ್ಕೆ ಹಾಲು ಬೆರೆಸುತ್ತ ಕೇಳಿದಳು.

"ಇತ್ತು, ನಾಲ್ಕು. ರಾಜಧಾನಿಯಿಂದ ಒಬ್ಬ ಬಂದ, ಅಚ್ಚು ಹಾಕಿಸ್ತೀನಿ ಅಂದ, ತಗೊಂಡು ಹೋದ. ಹೋದವನು ಹೋದ. ಪುಣ್ಯಕ್ಕೆ ಅಷ್ಟರಲ್ಲಿ ನಮ್ಮ ಓಮುರ್ ಮೇಷ್ಟ್ರು ಎಲ್ಲಾನೂ ಇದರೊಳಗೆ ಇಳಿಸಿದ್ದ."

ಓಮುರ್ ಹಳ್ಳಿ ಶಾಲೆಯ ಗಣಿತದ ಮೇಷ್ಟ್ರು. ವಂಶದ ಮರ ಇಡಲಿಕ್ಕೆಂದೇ ತಾನೇ ಕೂತು ಒಂದು ಪ್ರೋಗ್ರಾಂ ಬರೆದಿದ್ದ. ಪ್ರತಿ ಮನೆಯವರಿಗೂ ತಮ್ಮ ಮರದಲ್ಲಿ ಒಬ್ಬ ವೀರನನ್ನು ತುರುಕುವ ಆಸೆ, ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಈ ಒಂದು ಯಂತ್ರದಲ್ಲಿ, ಇದನ್ನು ನಡೆಸುವ ಈಗಿನ ವ್ಯವಸ್ಥೆಯಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ, ಮಾತ್ರ ತೆರೆಯುವ ಹಾಗೆ ಬೀಗ ಹಾಕಿದ್ದ. ಬೀಗದ ಗುಟ್ಟನ್ನು ಯಾರಿಗೂ ಹೇಳದೆ ಮೂರು ವರ್ಷದ ಹಿಂದೆ ತೀರಿಕೊಂಡ. ಈ ವ್ಯವಸ್ಥೆಯನ್ನು ಅಳಿಸಿದರೆ ಬೀಗದ ಕೈಯೂ ಅಳಿಯುತ್ತದೆ.

"ಆತಾ, ಆ ಮರದಲ್ಲಿ ನಾನೆಲ್ಲಿದ್ದೀನಿ?" ಬುರುಲ್‌ಗೆ ಇದ್ದಕ್ಕಿದ್ದಂತೆ ತಿಳಿಯಬೇಕೆನಿಸಿತು.

"ನೀನಾ? ನೀನು ಹೆಂಗಸಲ್ವೇನೆ? ಎಣಿಸೋದು ತಂದೆಯರನ್ನ."

ಬುರುಲ್ ನಕ್ಕಳು. ನಕ್ಕರೂ ಒಳಗೆ ಎಲ್ಲೋ ಚುಚ್ಚಿತು.

ಹನ್ನೆರಡಕ್ಕೆ ಆತಾ ನಮಾಜಿಗೆಂದು ಮಸೀದಿಗೆ ಹೋದರು. ಅವರ ಹೆಜ್ಜೆಯ ಸದ್ದು ದೂರವಾಗುವುದನ್ನೇ ಕಾಯುತ್ತಿದ್ದವನ ಹಾಗೆ ತೆಮಿರ್ಕಾನ್ ಒಳಗೆ ಬಂದ. ಮಾತಿಗೊಮ್ಮೆ ಎಜೆ, ಅಕ್ಕ, ಅನ್ನುತ್ತಿದ್ದರೂ ಹನ್ನೆರಡು ವರ್ಷದಿಂದ ಅವಳನ್ನು ಕೆಣಕುವುದೇ ಅವನಿಗೆ ಹೊತ್ತು ಕಳೆಯುವ ದಾರಿ.

"ಎಜೆ, ಬಂತಾ ಪೆಟ್ಟಿಗೆ? ಇನ್ನೇನು, ನಾಡಿ ಹಿಡಿದು ನೋಡ್ತೀರಾ, ನಾಲಿಗೆ ಚಾಚು ಅಂತೀರಾ?"

"ನೋಡ್ತೀನಪ್ಪ. ನಿನ್ನ ಹಾಗೆ ನೆಗಡಿ ಅಂದವನ ತಲೆ ತೆಗೆಯೋದು ನಂಗೆ ಬರಲ್ಲ."

ತೆಮಿರ್ಕಾನ್ ನಗಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿರ ಕೂತ. "ಎಜೆ, ತಮಾಷೆ ಬಿಡಿ. ಇದನ್ನ ನಂಗೆ ಕೊಡಿ. ನಲವತ್ತು ನಿಮಿಷ. ಕರೆಂಟ್ ಹೋಗಿ ಕೆಟ್ಟಿತ್ತು, ಅಳಿಸದೆ ಗತಿ ಇರ್ಲಿಲ್ಲ ಅಂತೀನಿ. ಬೈಗುಳ ನಂಗೆ ಬೀಳ್ಲಿ. ಮರ ಇಲ್ಲ ಅಂದ್ಮೇಲೆ ಮುದುಕ ಏನು ಎಣಿಸ್ತಾನೆ? ಹರಸ್ಲೇಬೇಕು. ನಾವಿಬ್ರೂ ಒಂದೇ ಬುಡದವರು, ಎಲ್ಲೋ ಒಂದು ಕಡೆ ಕೂಡ್ತೀವಿ. ಅದು ಆರರಲ್ಲೋ ಏಳರಲ್ಲೋ ಆಗಿದ್ರೆ? ನನ್ನ ಮಗ ಆ ಹುಡುಗಿ ಹೆಸರು ಹೇಳದೆ ನೀರು ಕುಡಿಯಲ್ಲ."

ಈ ಯೋಚನೆ ಬುರುಲ್‌ಗೂ ಬಂದಿತ್ತು. ಎರಡು ದಿನದಿಂದ ಬರುತ್ತಲೇ ಇತ್ತು. ಅಳಿಸುವುದು ಎಷ್ಟು ಸುಲಭ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮೊದ್ಲು ಏನಾಗಿದೆ ಅಂತ ನೋಡ್ತೀನಿ," ಎಂದಳು ಕೊನೆಗೆ.

"ನೋಡಿ, ನೋಡಿ. ನಿಮ್ಮ ಈ ನೋಡೋ ಚಟವೇ ನಮ್ಮ ಮಕ್ಕಳ ಸಂಸಾರ ಮುರಿಯುತ್ತೆ." ಅವನು ಎದ್ದು ಬಾಗಿಲಲ್ಲಿ ನಿಂತ. ಹೋಗಲಿಲ್ಲ.

ಬುರುಲ್ ಗುಂಡಿ ಒತ್ತಿದಳು. ಯಂತ್ರ ಎದ್ದಿತು, ತೆರೆಯೂ ಬಂತು. ಆದರೆ ಕೆಳಗಿನ ಪಟ್ಟಿ ಸತ್ತಂತೆ ಬಿದ್ದಿತ್ತು, ಯಾವ ಕಿಟಕಿ ತೆರೆದರೂ ಮುಚ್ಚಿಕೊಳ್ಳುತ್ತಿತ್ತು. ಓಮುರ್ ಮೇಷ್ಟ್ರ ಪ್ರೋಗ್ರಾಂ ಮೇಲೆ ಒತ್ತಿದರೆ ಯಾವುದೋ ಭಾಗ ಸಿಗುತ್ತಿಲ್ಲ ಎಂಬ ದೂರು. ಕಳೆದ ವಾರ ವ್ಯವಸ್ಥೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿದ್ದಾಗ ಹಳ್ಳಿಯಲ್ಲಿ ಕರೆಂಟು ಹೋಗಿತ್ತಂತೆ. ಅವಳ ಕಣ್ಣು ಮಿನುಗಿತು.

"ಪ್ರೋಗ್ರಾಂ ಕೆಟ್ಟಿಲ್ಲ ಕಣೋ," ಎಂದಳು ಹಿಂದಿರುಗಿ ನೋಡದೆ. "ಅದು ನಿಂತಿರೋ ನೆಲ ಕೆಟ್ಟಿದೆ. ಹೊಸದೇನೋ ಹಾಕಿದ್ಮೇಲೆ ತೊಂದ್ರೆ ಬಂದಿದ್ರೆ ಅದನ್ನ ತೆಗೆದ್ರೆ ಸಾಕಿತ್ತು. ಒಂದೇ ಒಂದು ಪ್ರೋಗ್ರಾಂ ಮುನಿಸ್ಕೊಂಡಿದ್ರೆ ಅದನ್ನ ಮಾತ್ರ ನೋಡ್ಬೇಕಿತ್ತು. ಇಲ್ಲಿ ಕರೆಂಟು ಹೋದ್ಮೇಲೆ ಎಲ್ಲಾ ಒಟ್ಟಿಗೆ ಕುಂಟ್ತಾ ಇದೆ. ಅಂದ್ರೆ ವ್ಯವಸ್ಥೆಯ ಸ್ವಂತ ಕಡತಗಳೇ ಅರ್ಧಂಬರ್ಧ ಆಗಿವೆ. ಇಂಥದ್ದಕ್ಕೇ ಅದರೊಳಗೇ ಒಂದು ರಿಪೇರಿ ಸಲಕರಣೆ ಇಟ್ಟಿರೋದು. ನೀನು ಯಾವತ್ತಾದ್ರೂ ಕರೆದಿದ್ದೀಯಾ ಅದನ್ನ?"

"ಅದು ಕೆಲಸ ಮಾಡಲ್ಲ ಎಜೆ. ಎಲ್ರಿಗೂ ಗೊತ್ತು."

"ಯಾಕೆ ಮಾಡಲ್ಲ?"

ತೆಮಿರ್ಕಾನ್ ಭುಜ ಕುಣಿಸಿದ. ಯಾಕೆ ಅನ್ನುವುದು ಅವನ ಇಲಾಖೆಯಲ್ಲ.

ಬುರುಲ್ ಮೊದಲು ಡಿಸ್ಕನ್ನು ಪರೀಕ್ಷಿಸಿದಳು. ಡಿಸ್ಕೇ ಸಾಯುತ್ತಿದ್ದರೆ ಈ ಸಲಕರಣೆ ಓಡಿಸುವುದು ಉಬ್ಬಸದವನನ್ನು ಬೆಟ್ಟ ಹತ್ತಿಸಿದ ಹಾಗೆ. ಡಿಸ್ಕು ಗಟ್ಟಿಯಾಗಿತ್ತು. ಆಮೇಲೆ ಆತಾನ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿದಳು. ತನ್ನ ಯಂತ್ರದಲ್ಲಿ ತೆರೆದು ನೋಡಿದರೆ ಬರೀ ಚುಕ್ಕಿ, ಗೀಟು, ತಲೆಬುಡವಿಲ್ಲದ ಅಕ್ಷರ. ಮೇಷ್ಟ್ರ ಬೀಗ ಗಟ್ಟಿಯಾಗಿಯೇ ಇತ್ತು. ಆಮೇಲೆ ಕಪ್ಪು ಕಿಟಕಿ ತೆರೆದು ಎಸ್‌ಎಫ್‌ಸಿ ಎಂಬ ಮೂರಕ್ಷರದ ಆಜ್ಞೆ ಕೊಟ್ಟಳು. ವ್ಯವಸ್ಥೆ ತನ್ನ ಒಂದೊಂದೇ ಕಡತವನ್ನು ಎತ್ತಿ, ಉಗ್ರಾಣದಲ್ಲಿರುವ ಅದರ ಮೂಲ ನಕಲಿನ ಜೊತೆ ಹೋಲಿಸಿ ನೋಡತೊಡಗಿತು. ಎರಡು ಶೇಕಡಾ, ಮೂರು, ಐದು.

ಅಷ್ಟರಲ್ಲಿ ಜಿಬೆಕ್ ಬುತ್ತಿ ತಂದಳು. ಮಾಂಸದ ಸಾರು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೊಕ್. ಬಾಗಿಲಲ್ಲಿ ಭಾವಿ ಮಾವನನ್ನು ಕಂಡು ತಲೆಬಾಗಿದಳು. ಅವನು ಗಂಟಲು ಸರಿಮಾಡಿಕೊಂಡು ತನ್ನ ಅಂಗಡಿಗೆ ಹೋದ. ತಗಡಿನ ಆಚೆ ಸದ್ದೆಲ್ಲ ನಿಂತಿತು, ಕಿವಿ ಇಲ್ಲೇ ಇತ್ತೆಂಬುದರಲ್ಲಿ ಅನುಮಾನವಿಲ್ಲ.

"ಅಮ್ಮ, ಎಷ್ಟಾಯ್ತು?"

"ನಲವತ್ತು."

ಜಿಬೆಕ್ ಆ ಸಂಖ್ಯೆಯನ್ನೇ ನೋಡಿದಳು. "ಸರಿ ಹೋಗ್ಲಿಲ್ಲ ಅಂದ್ಬಿಟ್ರೆ?" ಎಂದಳು ಮೆಲ್ಲಗೆ. "ಸುಮ್ನೆ ಕೇಳ್ದೆ."

"ಅಂದ್ಬಿಡ್ಲಾ? ನೀನು ಹೇಳಿದ್ರೆ ಈಗಲೇ ಅಂತೀನಿ. ಯಾರೂ ಕೇಳಲ್ಲ."

ಮಗಳು ಬುತ್ತಿ ಬಿಚ್ಚಿ ಸಾರು ಬಡಿಸಿದಳು. ಸಂಖ್ಯೆ ಐವತ್ತೊಂದಕ್ಕೆ ಬಂತು. "ಬೇಡ," ಎಂದಳು. "ಅಂದ್ಬಿಟ್ರೆ ಮದ್ವೆ ಆಗುತ್ತೆ. ಆಮೇಲೆ ಮಗೂಗೆ ಜ್ವರ ಬಂದಾಗೆಲ್ಲ ಇದಕ್ಕೇನಾ ಅಂತ ಅನ್ಸುತ್ತೆ. ಜೀವನ ಪೂರ್ತಿ ನನ್ನ ಕೈಲಿ ಅದಾಗಲ್ಲಮ್ಮ. ಇರೋದನ್ನ ನೋಡೇ ಬಿಡೋಣ." ಹೇಳಿ ಮುಖ ಆಚೆ ತಿರುಗಿಸಿಕೊಂಡಳು. ಬುರುಲ್‌ಗೆ ಮಗಳ ಮೇಲೆ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಸಂಕಟವೂ ಆಯಿತು.

ನೂರಾಯಿತು. ತೆರೆಯ ಮೇಲೆ ಉತ್ತರ ಬಂತು: ಕೆಟ್ಟ ಕಡತಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ.

"ಹೇಳ್ಲಿಲ್ವಾ!" ಎಂದಿತು ತಗಡಿನ ಗೋಡೆ.

ಬುರುಲ್‌ಗೆ ಸೋಲಿಗಿಂತ ಸೋಜಿಗವೇ ಹೆಚ್ಚಾಯಿತು. ಸರಿಪಡಿಸಲು ಯಾಕೆ ಆಗಲಿಲ್ಲ? ಉಗ್ರಾಣದ ಕಡೆ ನುಗ್ಗಿ ನೋಡಿದಳು. ಮೂಲ ನಕಲುಗಳಿಂದ ತುಂಬಿರಬೇಕಾದ ಜಾಗ ಬಡಕಲಾಗಿತ್ತು. ಯಾರೋ ಬೇಕೆಂದೇ ಅರ್ಧಕ್ಕರ್ಧ ಕತ್ತರಿಸಿ ಎಸೆದಿದ್ದರು.

ಆತಾ ಮಸೀದಿಯಿಂದ ಬರುತ್ತಲೇ ಕೇಳಿದಳು: "ಆತಾ, ಇದನ್ನ ಮೊದ್ಲು ತಯಾರು ಮಾಡಿಕೊಟ್ಟ ಪುಣ್ಯಾತ್ಮ ಯಾರು? ಉಗ್ರಾಣ ಪೂರ್ತಿ ಗುಡಿಸಿಬಿಟ್ಟಿದ್ದಾನೆ!"

ಆತಾ ಅವಳನ್ನು ವಿಚಿತ್ರವಾಗಿ ನೋಡಿದರು. "ನೀನೇ ಅಲ್ವೇನೆ? ಆರು ವರ್ಷದ ಹಿಂದೆ. ಜಿಲ್ಲೆಯಿಂದ ಹತ್ತು ಕಂಪ್ಯೂಟರ್ ಬಂದಿದ್ವಲ್ಲ, ಎಲ್ಲಾ ನೀನೇ ಹಗುರ ಮಾಡಿಕೊಟ್ಟೆ. ಕುದುರೆ ಹಾಗೆ ಓಡುತ್ತೆ ಆತಾ, ಅಂದೆ."

ಬುರುಲ್‌ಳ ಕಿವಿ ಕೆಂಪಾಯಿತು. ಹೌದು. ಆಗ ಅವಳೂ ಪೇಟೆಯ ದಾರಿಯಲ್ಲೇ ಇದ್ದಳು. ಯಂತ್ರ ಬೇಗ ಓಡಲಿ ಎಂದು ಎಲ್ಲರೂ ಬಿಡಿ ನಕಲುಗಳನ್ನು ಕಿತ್ತು ಬಿಸಾಡುತ್ತಿದ್ದರು, ಅವಳೂ ಕಿತ್ತಿದ್ದಳು. ಆ ಸಲಕರಣೆ ಕೆಲಸ ಮಾಡಲ್ಲ ಅಂತ ಇಡೀ ಪೇಟೆ ಹೇಳುತ್ತದೆ. ಮಾಡದ ಹಾಗೆ ಮಾಡಿದವರು ತಾವೇ. ಹಾಗೆ ಕಿತ್ತದ್ದಕ್ಕೆ ಇವತ್ತು ಸ್ವಂತ ಮಗಳ ಮುಂದೆ ಕೂತು ಬೆವರುವ ಹಾಗಾಯಿತು. ತಗಡಿನ ಆಚೆ ಯಾರೋ ನಗು ತಡೆದುಕೊಳ್ಳುವ ಸದ್ದಾಯಿತು.

"ಈಗೇನು, ಮುಗೀತಾ?" ಆತಾ ಕೇಳಿದರು.

"ಉಗ್ರಾಣ ತುಂಬಿಸ್ಬೇಕು ಆತಾ. ಅದಕ್ಕೂ ಒಂದು ಆಜ್ಞೆ ಇದೆ. ಆದ್ರೆ ತುಂಬಿಸೋದಕ್ಕೆ ಎಲ್ಲಿಂದ ತರ್ಲಿ?"

"ನಮ್ಮ ಪುಸ್ತಕಕ್ಕೆ ಒಂದ್ಸಲ ನೀರು ಬಿದ್ದು ಹನ್ನೊಂದು ಹೆಸರು ಹೋಗಿತ್ತು," ಎಂದರು ಆತಾ, ಸಮಾಧಾನ ಹೇಳುವವರ ಹಾಗೆ. "ನಮ್ಮಪ್ಪ ದೊಡ್ಡ ದೊಡ್ಡ ಪಂಡಿತರ ಹತ್ರ ಹೋಗ್ಲಿಲ್ಲ. ಬೇರೆ ಬುಡದವರ ಪುಸ್ತಕ ಎಷ್ಟು ದಪ್ಪ ಇದ್ರೆ ನಮಗೇನು ಬಂತು? ದಾಯಾದಿ ಮನೆ ಹುಡ್ಕೊಂಡು ಹೋದ್ರು. ಒಂದೇ ಮೂಲ, ಒಂದೇ ಕಾಲದಲ್ಲಿ ಬರ್ಕೊಂಡಿದ್ದು. ಅಲ್ಲಿ ಹನ್ನೊಂದೂ ಇತ್ತು."

ಬುರುಲ್ ಕೂತಲ್ಲಿಂದ ಎದ್ದಳು. ಹತ್ತು ಕಂಪ್ಯೂಟರ್! ಒಂದೇ ಸಲ ಬಂದವು, ಒಂದೇ ಆವೃತ್ತಿಯವು. ಒಂಬತ್ತನ್ನು ಅವಳು ಕತ್ತರಿಸಿದ್ದಳು. ಹತ್ತನೆಯದು ಊರ ಗ್ರಂಥಾಲಯದ್ದು, ಅಲ್ಲಿನ ಜೂರಾಕಾನ್ ಎಜೆ ಅವಳನ್ನು ಮುಟ್ಟಗೊಟ್ಟಿರಲಿಲ್ಲ. ಬುರುಲ್ ಆವೃತ್ತಿಯ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡು, ಟೋಪಿ ಮರೆತು, ಹಿಮದಲ್ಲಿ ಓಡಿದಳು.

ಜೂರಾಕಾನ್ ಎಜೆ ಮೂರು ದಶಕದಿಂದ ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು. ಕನ್ನಡಕದ ಮೇಲಿನಿಂದ ನೋಡಿ, "ಏನಮ್ಮ, ಕತ್ತರಿ ತಂದಿದ್ದೀಯಾ?" ಎಂದಳು. "ನನ್ನ ಮನೇಲಿ ಒಂದು ಹಾಳೇನೂ ಕತ್ತರಿಸಬೇಡ ಅಂತ ಬೈದಿದ್ದಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದೆ ನೀನು."

"ಇನ್ನೊಂದ್ಸಲ ಬೈಯಿರಿ ಎಜೆ, ನಿಂತು ಕೇಳಿಸ್ಕೊಳ್ತೀನಿ. ಮೊದ್ಲು ಆ ಕಂಪ್ಯೂಟರ್ ತೋರ್ಸಿ."

ಅಂಗೈಯ ಸಂಖ್ಯೆಗೂ ತೆರೆಯ ಮೇಲಿನ ಸಂಖ್ಯೆಗೂ ಕೊನೆಯ ಅಂಕಿಯವರೆಗೆ ತಾಳೆಯಾಯಿತು. ಉಗ್ರಾಣ ತುಂಬಿ ತುಳುಕುತ್ತಿತ್ತು. ಬುರುಲ್ ಆ ಮುದುಕಿಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ಬೈಗುಳವೂ ಸಿಕ್ಕಿತು, ನಕಲೂ ಸಿಕ್ಕಿತು.

ಅವಳು ಅಂಗಡಿಗೆ ಮರಳಿ ಎರಡನೆಯ ಆಜ್ಞೆ ಕೊಟ್ಟಾಗ ಮೂರು ಗಂಟೆ ದಾಟಿತ್ತು. ಕೆಟ್ಟ ಉಗ್ರಾಣವನ್ನು ಈ ದಾಯಾದಿಯಿಂದ ತುಂಬಿಸು ಅನ್ನುವ ಆಜ್ಞೆ ಅದು. ಸಂಖ್ಯೆ ಅರವತ್ತೆರಡಕ್ಕೆ ಬಂದು ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ತೆಮಿರ್ಕಾನ್ ತನ್ನ ಅಂಗಡಿಗೆ ಬೀಗ ಹಾಕಿ ಬಂದು ಅವಳ ಬೆನ್ನ ಹಿಂದೆ ನಿಂತ.

"ಸತ್ತೋಯ್ತು," ಎಂದ.

"ಸತ್ತಿಲ್ಲ. ಯೋಚನೆ ಮಾಡ್ತಿದೆ. ಇಲ್ಲೇ ಎಲ್ರೂ ಹೆದರಿ ಆಫ್ ಮಾಡೋದು. ಮುಟ್ಟಬೇಡ."

ಹದಿನೆಂಟನೆಯ ನಿಮಿಷಕ್ಕೆ ಅದು ಕದಲಿತು. ನೂರಾಯಿತು. ಬುರುಲ್ ಮತ್ತೆ ಮೂರಕ್ಷರದ ಆಜ್ಞೆ ಕೊಟ್ಟಳು. ಈ ಸಲ ಉತ್ತರ ಬೇರೆ ಬಂತು: ಕೆಟ್ಟ ಕಡತಗಳು ಸಿಕ್ಕಿದವು, ಎಲ್ಲವನ್ನೂ ಸರಿಪಡಿಸಲಾಗಿದೆ. ತೆಮಿರ್ಕಾನ್ ಎರಡು ಸಲ ಓದಿದ. "ಅಲ್ಲಾ, ಇದು ನಿಜವಾಗ್ಲೂ ಕೆಲಸ ಮಾಡುತ್ತೆ," ಎಂದ. ಹನ್ನೆರಡು ವರ್ಷದಲ್ಲಿ ಅವನ ದನಿಯಲ್ಲಿ ಬುರುಲ್ ಮೊದಲ ಸಲ ಕುತೂಹಲ ಕೇಳಿದಳು.

ಯಂತ್ರವನ್ನು ಆರಿಸಿ ಹೊತ್ತಿಸಿದರು. ಮೇಷ್ಟ್ರ ಪ್ರೋಗ್ರಾಂ ಒಂದೇ ಒತ್ತಿಗೆ ತೆರೆದುಕೊಂಡಿತು. ಆತಾ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು, ಕನ್ನಡಕ ಒರೆಸಿದರು, ಯಾರ ಕಡೆಯೂ ನೋಡದೆ ಎಣಿಸಲು ಶುರುಮಾಡಿದರು. ಜಿಬೆಕ್ ಒಲೆಯ ಪಕ್ಕ ನಿಂತಿದ್ದಳು. ಸರಿಮಾಡಿದ ಕೈಯನ್ನು ಬುರುಲ್ ಮಡಿಲಲ್ಲಿ ಹಿಸುಕಿಕೊಳ್ಳುತ್ತಿದ್ದಳು. ದೇವರೇ, ನಾನು ಯಾಕೆ ಇದನ್ನು ಸರಿಮಾಡಿದೆ ಎಂದು ಅವಳಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಅನಿಸಿತು.

"ಹುಡುಗಂದು. ತೆಮಿರ್ಕಾನ್. ಅಸನಾಲಿ. ಬೋರುಬಾಯ್. ದುಬಾನಾ. ಚೋತ್‌ಬಾಯ್." ಆತಾ ಬೆರಳು ಮಡಚಿದರು. "ಆರು, ಎಶಿಮ್. ಏಳು, ಕುದಾಯ್‌ಬೆರ್ಗೆನ್."

"ಹುಡುಗೀದು. ಕಲ್ಮಾತ್. ಇಸ್ಮಾಯಿಲ್. ಸರಿಮ್ಸಾಕ್. ಜಂತಾಯ್. ಕೋಜೊಂಬೆರ್ದಿ. ಆರು, ತುಲೋಬೆರ್ದಿ." ಮುದುಕರು ತೆರೆಗೆ ಮೂಗು ತಾಗುವಷ್ಟು ಬಗ್ಗಿದರು. "ಏಳು, ಎಸೆನ್‌ಗುಲ್."

ಎರಡೂ ಕಡೆ ಒಂದು ಹೆಸರೂ ಸೇರಲಿಲ್ಲ. ಜಿಬೆಕ್ ಒಲೆಯ ಪಕ್ಕದಲ್ಲೇ ಕೂತು ಅತ್ತಳು.

"ನಿಲ್ಲು, ನಿಲ್ಲು," ಆತಾ ಕೈ ಎತ್ತಿದರು. "ಎಂಟು. ಕುದಾಯ್‌ಬೆರ್ಗೆನ್ ತಂದೆ ಬೋರ್ಕೆ. ಎಸೆನ್‌ಗುಲ್ ತಂದೆ… ಬೋರ್ಕೆ! ಅಣ್ಣ ತಮ್ಮಂದಿರು ಕಣ್ರೋ! ಒಂದೇ ಒಂದು ಮೆಟ್ಟಿಲಲ್ಲಿ ಪಾರಾದ್ರಿ. ಶನಿವಾರ ಓಲೆ ತನ್ನಿ, ನಾನು ಹರಸ್ತೀನಿ."

ತೆಮಿರ್ಕಾನ್ ಕಣ್ಣೊರೆಸಿಕೊಂಡು, ಅದು ಗೊತ್ತಾಗದಿರಲೆಂದು ಜೋರಾಗಿ ಸೀನಿದ.

"ಅಂದ್ರೆ ನೀನು ನನ್ನ ಗಂಡನ ದಾಯಾದಿ ತಮ್ಮ," ಎಂದಳು ಬುರುಲ್. "ಇನ್ಮೇಲೆ ಎಜೆ ಗಿಜೆ ಎಲ್ಲಾ ಇಲ್ಲ. ಅತ್ತಿಗೆ ಅನ್ನು. ಐದು ತಂದೆ ಹೆಸರು ಮಾತ್ರ ಗೊತ್ತಿರೋ ಮೈದುನ ಸಿಕ್ಕಿದ ನಂಗೆ!"

"ಆಯ್ತು ಅತ್ತಿಗೆ, ಇವತ್ತು ಎಷ್ಟು ಬೇಕಾದ್ರೂ ಬೈಯಿರಿ."

ನಗು ನಿಂತ ಮೇಲೆ ಬುರುಲ್‌ಳ ಕಣ್ಣು ತೆರೆಯ ಮೇಲೆ ಓಡಾಡಿತು. ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಖಾನೆ, ಮೇಲಿಂದ ಕೆಳಗಿನವರೆಗೆ ಎಲ್ಲವೂ ಖಾಲಿ.

"ಇದೇನು ಆತಾ? ಇದೂ ಅಳಿಸಿ ಹೋಯ್ತಾ?"

"ಇಲ್ಲ. ಅದು ತಾಯಿ ಖಾನೆ. ಓಮುರ್ ಹಟ ಮಾಡಿ ಇಟ್ಟ. ಪುಸ್ತಕದಲ್ಲಿ ಇರ್ಲಿಲ್ಲ, ನಾನು ತುಂಬ್ಲಿಲ್ಲ." ಆತಾ ಗಡ್ಡ ಸವರಿಕೊಂಡರು. ಬೆಳಿಗ್ಗೆ ತಾವೇ ಆಡಿದ ಮಾತು ನೆನಪಾಯಿತೋ ಏನೋ. ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು ಒಂದೇ ಬೆರಳಲ್ಲಿ ಅಕ್ಷರ ಹುಡುಕತೊಡಗಿದರು. "ಎಲ್ದಿಯಾರ್‌ಗೆ ಮಕ್ಕಳಾದ್ರೆ ಇಲ್ಲಿ ಜಿಬೆಕ್ ಅಂತ ಬರುತ್ತೆ. ಜಿಬೆಕ್ ತಾಯಿ ಬುರುಲ್. ಬರೀತೀನಿ. ಬುರುಲ್ ತಾಯಿ?"

"ಬತ್ಮಾ."

"ಬತ್ಮಾಳ ತಾಯಿ?"

"ಉಲ್ಕನ್."

"ಉಲ್ಕನ್‌ಳ ತಾಯಿ?"

ಬುರುಲ್‌ಗೆ ಆ ಹೆಸರು ಗೊತ್ತಿರಲಿಲ್ಲ. ಹೊಲಿಗೆ ಹಾಕುತ್ತ ಕೂತ ಅಜ್ಜಿಯ ಬೆರಳು ನೆನಪಿತ್ತು, ಅವಳ ಕೋಟಿನ ಹೊಗೆ ವಾಸನೆ ನೆನಪಿತ್ತು. ಆ ಅಜ್ಜಿ ಯಾರ ಮಗಳು ಎಂದು ನಲವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಯಂತ್ರದ ಪ್ರತಿ ತಿರುಪಿನ ಬಗ್ಗೆ ಯಾಕೆ ಎಂದು ಕೇಳುವವಳು ಇದನ್ನು ಕೇಳಿರಲಿಲ್ಲ. ಐದು ಗೊತ್ತಿದ್ದವನನ್ನು ಈಗಷ್ಟೇ ಹಂಗಿಸಿದ್ದಳು. ತೆಮಿರ್ಕಾನ್ ಒಳ್ಳೆಯವನು, ತಿರುಗಿ ಹಂಗಿಸದೆ ಒಲೆಗೆ ಕಲ್ಲಿದ್ದಲು ಹಾಕಿದ.

"ಆತ್‌ಬಾಶಿಯಲ್ಲಿ ನನ್ನ ದೊಡ್ಡಮ್ಮ ಇದ್ದಾರೆ," ಎಂದಳು ಬುರುಲ್. "ಎಂಬತ್ತೆಂಟು ವಯಸ್ಸು. ಅವ್ರೊಬ್ಬರಿಗೇ ಗೊತ್ತಿರೋದು."

"ಹೊರಡು ಮತ್ತೆ," ಎಂದರು ಆತಾ. "ನಾನು ಖಾನೆ ತೆರೆದೇ ಇಟ್ಟಿರ್ತೀನಿ."

ಐದು ಗಂಟೆಗೆ ಆತ್‌ಬಾಶಿಯ ವ್ಯಾನು ಹೊರಡುತ್ತದೆ. ಬುರುಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಜಿಬೆಕ್ ಅವಳ ಟೋಪಿಯನ್ನೂ ತನ್ನ ಶಾಲನ್ನೂ ಎತ್ತಿಕೊಂಡು ಬಾಗಿಲಿಗೆ ಬಂದಳು.

"ನಾನೂ ಬರ್ತೀನಮ್ಮ," ಎಂದಳು. "ನೀನು ಮರೆತ್ರೆ ನಂಗಾದ್ರೂ ನೆನಪಿರುತ್ತೆ."